ಬೌರೋ ಕೊಟ್ಟ ಗಾಲಿಕುರ್ಚಿ

ಬೌರೋ ತೆಂಗಿನಮರದಿಂದ ಬಿದ್ದದ್ದು ಬೆಳಗಿನ ನೀರಾ ಇಳಿಸುವ ಹೊತ್ತಿನಲ್ಲಿ. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ನಮ್ಮಲ್ಲಿ ನೀರಾ ಇಳಿಸುವವನು ಮರದ ತುದಿಯಲ್ಲಿ ಗಟ್ಟಿಯಾಗಿ ಹಾಡಬೇಕು; ಮೇಲೊಬ್ಬ ಗಂಡಸಿದ್ದಾನೆ ಎಂದು ಕೆಳಗೆ ಸ್ನಾನ ಮಾಡುವ ಹೆಂಗಸರಿಗೆ ಗೊತ್ತಾಗಲಿ ಎಂದು. ಬೌರೋನ ಸ್ವರ ಅಬಯಾಂಗ್ ದ್ವೀಪದ ನಮ್ಮ ಊರಿನ ಈ ಕೊನೆಯಿಂದ ಆ ಕೊನೆಗೆ ಕೇಳುತ್ತಿತ್ತು. ಅವತ್ತು ಹಾಡು ನಡುವೆಯೇ ನಿಂತಿತು. ಹೊಂಬಾಳೆ ಕೆತ್ತುತ್ತಿರಬೇಕು ಎಂದುಕೊಂಡು ಯಾರೂ ತಲೆ ಎತ್ತಿ ನೋಡಲಿಲ್ಲ. ಎಷ್ಟು ಹೊತ್ತಾದರೂ ಬಾರದ ತಮ್ಮನನ್ನು ಹುಡುಕಿಕೊಂಡು ಹೋದ ಅಕ್ಕನಿಗೆ ಅವನು ಮರದ ಬುಡದಲ್ಲಿ ಸಿಕ್ಕಿದ.

ಉಸಿರಿತ್ತು. ರಾಜಧಾನಿ ತರಾವದ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ದೋಣಿಯಲ್ಲಿ ವಾಪಸು ಬಂದ. ಸೊಂಟದ ಕೆಳಗಿನದು ಆಮೇಲೆ ಅವನ ಮಾತು ಕೇಳಲಿಲ್ಲ. ಹೆಂಡತಿ ಎರಡು ವರ್ಷ ನೋಡಿಕೊಂಡಳು. ಆಮೇಲೆ ತವರಿನ ದ್ವೀಪಕ್ಕೆ ಹೋಗಿಬರುತ್ತೇನೆಂದು ಹಡಗು ಹತ್ತಿದವಳು ಬರಲಿಲ್ಲ. ಬೌರೋ ಅವಳನ್ನು ಒಂದು ದಿನವೂ ಬೈದದ್ದು ನಾನು ಕೇಳಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ.

ನಂತರದ ವರ್ಷಗಳೆಲ್ಲ ಅಕ್ಕನ ಮನೆಯ ಜಗಲಿಯ ಮೇಲೆ ಕಳೆದವು. ಮೇಲೆ ಸೋಗೆ, ಸುತ್ತ ಗೋಡೆಯಿಲ್ಲ, ಎದುರಿಗೇ ಊರಿನ ಒಂದೇ ರಸ್ತೆ. ಹೋಗಿ ಬರುವವರೆಲ್ಲ “ಮೌರಿ, ಬೌರೋ” ಎಂದು ನಮಸ್ಕಾರ ಕೂಗಿ ಹೋಗುತ್ತಿದ್ದರು. ಅವನು ಸುಮ್ಮನೆ ಕೂರುವ ಆಸಾಮಿಯಲ್ಲ. ಅಕ್ಕ ತೆಂಗಿನ ಸಿಪ್ಪೆಯನ್ನು ಕಡಲಂಚಿನ ಕೆಸರಲ್ಲಿ ಹೂತು, ಕೊಳೆಸಿ, ಬಡಿದು ನಾರು ತಂದುಕೊಟ್ಟರೆ ಬೌರೋ ಅದನ್ನು ತೊಡೆಯ ಮೇಲಿಟ್ಟು ಹುರಿ ಹೊಸೆಯುತ್ತಿದ್ದ. ಮನೆ ಕಟ್ಟಲು, ದೋಣಿ ಬಿಗಿಯಲು ನಮಗೆ ಈ ಹುರಿಯೇ ಆಗಬೇಕು. ಒಂದು ಸಲ ಹೊಸೆದೂ ಹೊಸೆದೂ ತೊಡೆಯ ಚರ್ಮ ಕಿತ್ತುಬಂದಿತ್ತು. ಹುರಿ ಕೆಂಪಾದಾಗಲೇ ಅವನಿಗೆ ಅದು ಗೊತ್ತಾದದ್ದು. ಅಂದಿನಿಂದ ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡ. ಅಂಥ ಬಿಗಿಯಾದ ಹುರಿ ಹೊಸೆಯುವವರು ದ್ವೀಪದಲ್ಲಿ ಇನ್ನೊಬ್ಬರಿರಲಿಲ್ಲ.

ಆ ಹುರಿ ಬೇಕಾದವರು ಬಂದು ಜಗಲಿಯ ಅಂಚಿನಲ್ಲಿ ಕೂತು ಅಕ್ಕನನ್ನು ಕೇಳುತ್ತಿದ್ದರು. “ಅಕ್ಕಾ, ನಿನ್ನ ತಮ್ಮ ಹೊಸೆದಿರೋ ಹುರೀಲಿ ಹತ್ತು ಮಾರು ಕೊಡ್ತೀಯಾ? ದೋಣಿ ಕಟ್ಟೆಲ್ಲ ಸಡಿಲ ಆಗಿದೆ.” ಬೌರೋ ಎರಡು ಮೊಳ ದೂರದಲ್ಲಿ ಕೂತು ಅದೇ ಹುರಿ ಹೊಸೆಯುತ್ತಿರುತ್ತಿದ್ದ. ಅಕ್ಕ ಎದ್ದು ಅಳೆದು ಕೊಡುತ್ತಿದ್ದಳು. ಬಂದವರು ಹೊರಡುವಾಗ ಬೌರೋಗೆ ಒಂದು ಚೂರು ಹೊಗೆಸೊಪ್ಪು ಕೊಟ್ಟು ಹೋಗುತ್ತಿದ್ದರು. ಕೆಟ್ಟ ಜನ ಅಂತಲ್ಲ. ನಾನೂ ಅದೇ ಊರಿನವನು.

ಬುಬುಸಿ ಎಂದರೆ ಏನು ಎಂದು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಬೌರೋ ನಿಮಗೆ ಬರೀ ಪೆದ್ದನಾಗಿ ಕಾಣುತ್ತಾನೆ. ನೆಂಟನೊಬ್ಬ ಬಂದು, ಕೂತು, ನಿನ್ನ ಬಲೆ ಕೊಡು, ನಿನ್ನ ಹಂದಿ ಕೊಡು, ನಿನ್ನ ಸೈಕಲ್ ಕೊಡು ಎಂದು ಬಾಯಿಬಿಟ್ಟು ಕೇಳಿದರೆ ಅದು ಬುಬುಸಿ. ಕೊಡಬೇಕು. ಇಲ್ಲ ಎಂದವನು ಊರಲ್ಲಿ ನಾಚಿಕೆಯಿಂದ ತಲೆ ತಗ್ಗಿಸಿ ತಿರುಗಬೇಕು. ಇವತ್ತು ಕೊಟ್ಟವನು ನಾಳೆ ಹೋಗಿ ಕೇಳಬಹುದು. ಹಾಗಾಗಿ ವಾಪಸು ಕೊಡಲು ಏನೂ ಇಲ್ಲದವನನ್ನು ಯಾರೂ ಕೇಳುವುದಿಲ್ಲ. ಅವನಿಗೆ ಸುಮ್ಮನೆ ಕೊಡುತ್ತಾರೆ, ಅಷ್ಟೆ. ನಾವೆಲ್ಲ ಬುಬುಸಿಯನ್ನು ಬಾಯಿ ತುಂಬ ಬಯ್ಯುತ್ತೇವೆ. ನನ್ನ ಹೊಸ ಅಂಗಿ ಯಾವುದೂ ವಾರಕ್ಕಿಂತ ಹೆಚ್ಚು ನನ್ನ ಮೈಮೇಲೆ ಉಳಿದದ್ದಿಲ್ಲ. ಮರದಿಂದ ಬಿದ್ದ ಮೇಲೆ ಬೌರೋಗೆ ಹಾಗೆ ಬಯ್ಯುವ ಭಾಗ್ಯ ಇರಲಿಲ್ಲ.

ನಾನು ದ್ವೀಪ ಮಂಡಳಿಯಲ್ಲಿ ಗುಮಾಸ್ತನಾಗಿದ್ದವನು, ಬೌರೋನ ಜೊತೆ ಸ್ಕೂಲಿಗೆ ಹೋದವನು. ಊರಿಗೆ ಇಂಗ್ಲಿಷ್ ಕಾಗದ ಬಂದರೆ ಓದುವುದೂ ನಾನೇ, ಉತ್ತರ ಬರೆಯುವುದೂ ನಾನೇ. ಅವನು ಬಿದ್ದ ಎಂಟನೆಯ ವರ್ಷ ರೇಡಿಯೋದಲ್ಲಿ ಒಂದು ಸುದ್ದಿ ಬಂತು: ತರಾವದಲ್ಲಿ ಅಂಗವಿಕಲರು ತಾವೇ ಸೇರಿ ಸಂಘ ಮಾಡಿಕೊಂಡಿದ್ದಾರೆ, ಹೊರಗಿನ ದ್ವೀಪಗಳಲ್ಲೂ ಶಾಖೆ ತೆರೆಯುತ್ತಾರೆ. “ಗುಮಾಸ್ತ, ಬರಿ ಒಂದು ಕಾಗದ,” ಅಂದ ಬೌರೋ. ಬರೆದೆ. ಅವರು ಬಂದು ಹದಿಮೂರು ಜನರ ಹೆಸರು ಹಚ್ಚಿಕೊಂಡರು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರೇ ಅದರಲ್ಲಿ ಏಳು ಮಂದಿ. ಬೌರೋನನ್ನು ಅಧ್ಯಕ್ಷ ಮಾಡಿದರು. ಸ್ವರ ದೊಡ್ಡದು ಎಂಬುದೊಂದೇ ಆಗ ಅವನಿಗಿದ್ದ ಅರ್ಹತೆ.

ಆಸ್ಟ್ರೇಲಿಯಾದ ಕಡಲ ದಡದ ಒಂದು ಊರಿನ ಸಂಘ ನಮ್ಮ ಜೊತೆ ಕೈಜೋಡಿಸಿತು. ಅದೂ ಅಂಗವಿಕಲರು ತಾವೇ ನಡೆಸುವ ಸಂಘ. ಅವರ ಕಾಗದಗಳು ‘ಪಾಲುದಾರ ಗೆಳೆಯರೇ’ ಎಂದು ಶುರುವಾಗುತ್ತಿದ್ದವು. ಮೊದಲ ವರ್ಷ ಸಭೆ ನಡೆಸುವುದು ಹೇಗೆ ಎಂಬ ಪುಸ್ತಕ ಬಂತು. ಒಬ್ಬೊಬ್ಬರಿಗೆ ಎರಡೆರಡು ನಿಮಿಷ ಮಾತಾಡಲು ಕೊಡತಕ್ಕದ್ದು ಎಂದು ಅದರಲ್ಲಿತ್ತು. ಊರೆಲ್ಲ ಸೇರುವ ನಮ್ಮ ದೊಡ್ಡ ಚಾವಡಿ ಮನೆಯಾಬದಲ್ಲಿ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಳ್ಳಲಿಕ್ಕೇ ಎರಡು ನಿಮಿಷ ಬೇಕು. ಎರಡನೆಯ ವರ್ಷ ಇಪ್ಪತ್ತು ಬಿಳಿ ಕೋಲುಗಳು ಬಂದವು. ನಮ್ಮ ಸಂಘದಲ್ಲಿ ಕಣ್ಣಿಲ್ಲದವರು ಒಬ್ಬರೂ ಇರಲಿಲ್ಲ. ಕೋಲುಗಳನ್ನು ಹಂದಿ ಓಡಿಸಲು ಹಂಚಿಕೊಂಡೆವು.

ನಾನು ನಕ್ಕೆ. ಬೌರೋ ನಗಲಿಲ್ಲ. “ಅವರದ್ದೇನು ತಪ್ಪು? ಏನು ಬೇಕು ಅಂತ ನಾವು ಯಾವತ್ತು ಬಾಯಿಬಿಟ್ಟು ಹೇಳಿದೀವಿ? ಮರಳಲ್ಲಿ ಓಡೋ ಗಾಲಿಕುರ್ಚಿ ಬೇಕು ಅಂತ ಬರಿ.”

ಮರಳಲ್ಲಿ ಓಡುವ ಗಾಲಿಕುರ್ಚಿ ಬಂತು. ಆದರೆ ಒಂದೇ ಒಂದು. ಹಿಂದೆ ಎರಡು, ಮುಂದೆ ಒಂದು ದಪ್ಪ ಟೈರು. ಜೊತೆಗೆ ಒಂದು ಕಾಗದವೂ ಇತ್ತು: ಇದು ಸಂಘದ ಸ್ವತ್ತು, ಅಧ್ಯಕ್ಷರು ಉಪಯೋಗಿಸಿ ನೋಡತಕ್ಕದ್ದು, ಆರು ತಿಂಗಳ ಮೇಲೆ ನಮ್ಮವರೊಬ್ಬರು ಬಂದು ನೋಡುತ್ತಾರೆ, ಕುರ್ಚಿ ಅಧ್ಯಕ್ಷರ ಬಳಿಯೇ ಇದ್ದು ಓಡುತ್ತಿದ್ದರೆ ಉಳಿದ ಹನ್ನೆರಡು ಜನರಿಗೂ ಬರುತ್ತದೆ, ಇಲ್ಲವಾದರೆ ಇಲ್ಲ. ನಾನು ಓದಿ ಹೇಳಿದೆ, ಬೌರೋ ಸಹಿ ಹಾಕಿದ. ಹನ್ನೆರಡು ಜನರ ಅಳತೆ ಕಳಿಸಬೇಕಿತ್ತು. ಬೌರೋ ತನ್ನ ಹುರಿಯಲ್ಲೇ ಒಬ್ಬೊಬ್ಬರ ಸೊಂಟ, ತೊಡೆ ಅಳೆದು ಗಂಟು ಹಾಕಿದ. ನಾನು ಗಂಟುಗಳನ್ನು ಸೆಂಟಿಮೀಟರಿಗೆ ತಿರುಗಿಸಿ ಬರೆದೆ.

ಅಳತೆ ಕೊಡಲು ಒಪ್ಪದವಳು ತೆರೆಂಗಾ ಒಬ್ಬಳೇ. ಎಳೆತನದಲ್ಲಿ ಬಂದ ಜ್ವರಕ್ಕೆ ಅವಳ ಎರಡೂ ಕಾಲು ಮಡಚಿಹೋಗಿದ್ದವು. ವಯಸ್ಸು ನಲವತ್ತರ ಹತ್ತಿರ. ಕೇದಿಗೆ ಗರಿಯ ಚಾಪೆ ಹೆಣೆಯುವುದರಲ್ಲಿ ಎತ್ತಿದ ಕೈ, ಆದರೆ ಮನೆಯ ಅಂಗಳ ದಾಟಿದವಳಲ್ಲ. ನಮ್ಮ ದ್ವೀಪದ ಅಗಲ ನಡೆದರೆ ಹತ್ತು ನಿಮಿಷ. ಆಚೆ ಬದಿಯ ಮಹಾಸಾಗರದ ಸದ್ದು ಅವಳಿಗೆ ದಿನವೂ ಕೇಳುತ್ತಿತ್ತು, ಕಣ್ಣಿಂದ ನೋಡಿರಲಿಲ್ಲ.

“ಬೇಡ ಅಣ್ಣ,” ಅಂದಳು ಬೌರೋಗೆ. “ಅಳತೆ ಕೊಟ್ಟು ಆಮೇಲೆ ಬರಲಿಲ್ಲ ಅಂದ್ರೆ? ಈಗ ಇರೋ ಹಾಗೆ ಇರ್ತೀನಿ.”

“ಬರುತ್ತೆ ಕಣಮ್ಮ. ನಾನು ಸಹಿ ಹಾಕಿದೀನಿ.”

“ನೀನು ಹಾಕಿದೀಯ ಅಂತ ಕೊಡ್ತೀನಿ.” ಹುರಿಯ ತುದಿ ಹಿಡಿದುಕೊಂಡಳು. “ಗಾಲಿ ದೊಡ್ಡದಿರಲಿ ಅಂತ ಬರೀರಿ. ಆಚೆ ಕಡಲ ತನಕ ಹೋಗಬೇಕು.”

ಬೌರೋ ಎರಡು ವಾರ ಊರಲ್ಲಿ ಓಡಾಡಿದ. ಹನ್ನೊಂದು ವರ್ಷ ಕಾಣದ ಜಾಗಗಳಿಗೆಲ್ಲ ಹೋಗಿ ಬಂದ. ತಾನು ಬಿದ್ದ ಮರದ ಕೆಳಗೆ ಕುರ್ಚಿ ನಿಲ್ಲಿಸಿ, ಮೇಲೆ ನೀರಾ ಇಳಿಸುತ್ತಿದ್ದವನಿಗೆ ನಿನ್ನ ಹಾಡು ಕೇಳಿದರೆ ಹೊಂಬಾಳೆ ಒಣಗುತ್ತದೆ ಎಂದು ಬೈದು ಬಂದನಂತೆ.

ಮೂರನೆಯ ವಾರ ತೆಬುರೆಯ ಬಂದ. ಬೌರೋನ ತಾಯಿಯ ತಮ್ಮ, ಮನೆಯಾಬದ ಹಿರಿಯರಲ್ಲಿ ಒಬ್ಬ, ಗಟ್ಟಿ ಮುದುಕ. ಕೈಯಲ್ಲಿ ಒಂದು ಜೊತೆ ಹಾರುಮೀನು ಇತ್ತು. ನಾನೂ ಜಗಲಿಯ ಮೇಲಿದ್ದೆ. ಗಾಳಿಯ ಮಾತಾಯಿತು, ಕೊಬ್ಬರಿ ಒಣಗುತ್ತಿಲ್ಲ ಎಂಬ ಮಾತಾಯಿತು, ಬೆನ್ನುನೋವಿನ ಮಾತಾಯಿತು. ಏನೋ ಕೇಳಲು ಬಂದಿದ್ದಾನೆ ಎಂದು ತಿಳಿದು ಅಕ್ಕ ಒಳಗಿಂದ ಬಂದು ಕೂತಳು. ಮುದುಕ ಅವಳ ಕಡೆ ತಿರುಗಲಿಲ್ಲ.

“ಲೋ ಅಳಿಯ,” ಅಂದ. “ನಿನ್ನ ಹತ್ರ ಒಂದು ಬುಬುಸಿ ಇದೆ.”

ಬೌರೋ ಕೈಯಲ್ಲಿದ್ದ ನಾರು ಕೆಳಗಿಟ್ಟ. “ನನ್ನ ಹತ್ರಾನಾ ಮಾವ?”

“ಇನ್ಯಾರ ಹತ್ರ? ಗಾಡಿ ನಿಂದು ತಾನೆ? ಕೊಬ್ಬರಿ ಮೂಟೆ ಹೊತ್ತೂ ಹೊತ್ತೂ ನನ್ನ ಬೆನ್ನು ಬಿದ್ದುಹೋಗಿದೆ. ನಿನ್ನ ಗಾಡಿ ನನಗೆ ಕೊಡು.”

ನಾನು ಕೆಮ್ಮಿದೆ. ಇನ್ನೊಂದು ಸಲ ಜೋರಾಗಿ ಕೆಮ್ಮಿದೆ. ಬೌರೋ ನನ್ನ ಕಡೆ ನೋಡಲೇ ಇಲ್ಲ.

“ತಗೊಂಡ್ಹೋಗು ಮಾವ,” ಅಂದ.

ಮುದುಕ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆ ತಿರುಗುವ ತನಕ ಸುಮ್ಮನಿದ್ದು ಆಮೇಲೆ ಬಾಯಿಬಿಟ್ಟೆ. “ತಲೆ ನೆಟ್ಟಗಿದೆಯೇನೋ? ಅದು ಸಂಘದ್ದು. ನಿನ್ನ ಸಹಿ ಇದೆ. ಕಾಗದ ನಾನೇ ಓದಿ ಹೇಳಿದೀನಿ.”

“ಗೊತ್ತು.”

“ಆರು ತಿಂಗಳಿಗೆ ಅವರು ಬರ್ತಾರೆ.”

“ಗೊತ್ತು ಕಣೋ.”

“ತೆರೆಂಗಾಗೆ ಏನು ಹೇಳ್ತೀಯ?”

ಬೌರೋ ಕೆಳಗಿಟ್ಟಿದ್ದ ನಾರು ಮತ್ತೆ ಎತ್ತಿಕೊಂಡು ಅಂದ: “ಗುಮಾಸ್ತ, ಮಾವ ನನ್ನನ್ನ ಕೇಳಿದ. ಅಕ್ಕನ್ನಲ್ಲ. ನೀನೂ ಇಲ್ಲೇ ಇದ್ದೆಯಲ್ಲ, ನಿನಗೂ ಕೇಳಿಸ್ತು ತಾನೆ? ನಿನ್ನ ಹತ್ರ ಅಂದ. ಇಲ್ಲ ಅಂತ ಹೇಗೆ ಅನ್ನಲಿ?”

ಅವನ ಮುಖ ನೋಡಿದ ಮೇಲೆ ಬೈಯಲು ನನಗೆ ನಾಲಿಗೆ ಬರಲಿಲ್ಲ. ಅಂಥ ಸಂತೋಷ ಅವನ ಮುಖದಲ್ಲಿ ಮದುವೆಯ ದಿನವೂ ಕಂಡಿರಲಿಲ್ಲ.

ತೆಬುರೆಯ ಕೇಳಿದ್ದೇ ತಡ, ಊರಿಗೆ ದಾರಿ ತೆರೆದ ಹಾಗಾಯಿತು. ಇಷ್ಟು ದೊಡ್ಡ ವಸ್ತುವನ್ನು ಕೊಟ್ಟವನ ಹತ್ತಿರ ಇನ್ನೂ ಏನೇನೋ ಇರಬೇಕು ಎಂದು ಜನ ಲೆಕ್ಕ ಹಾಕಿರಬೇಕು. ಒಬ್ಬ ನೆಂಟ ಬಂದು ಹೊಂಬಾಳೆ ಕೆತ್ತುವ ಚಾಕು ಕೇಳಿದ. ಇನ್ನೊಬ್ಬ ರೇಡಿಯೋ ಒಯ್ದ. ಹುರಿ ಬೇಕಾದವರು ನೇರ ಅವನ ಮುಂದೆ ಕೂರತೊಡಗಿದರು. ಬೌರೋ ತಾನೂ ಅಕ್ಕನ ಮಗನ ಬೆನ್ನೇರಿ ಹೋಗಿ ದಾಯಾದಿಯ ಹತ್ತಿರ ಒಂದು ಹಂದಿ ಕೇಳಿ ತಂದ. “ಈ ನೆಂಟರ ಕಾಟ ತಡೆಯೋಕಾಗಲ್ಲ ಮಾರಾಯ,” ಎಂದು ನನ್ನ ಮುಂದೆ ಗೊಣಗುತ್ತಿದ್ದ. ಆ ಗೊಣಗಾಟವನ್ನು ಇಷ್ಟು ಸವಿಯುವವನನ್ನು ನಾನು ಬೇರೆ ನೋಡಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ಮತ್ತೆ ಮೊದಲಿನಂತೆ ಕೈಯೂರಿ ತೆವಳುತ್ತಿದ್ದ. ಆಸ್ಟ್ರೇಲಿಯಾದಿಂದ ಕುರ್ಚಿ ಹೇಗಿದೆ ಎಂದು ಕೇಳಿ ಕಾಗದ ಬಂತು. ಚೆನ್ನಾಗಿ ಓಡುತ್ತಿದೆ ಎಂದು ಬರೆದೆ. ಓಡುತ್ತಿದ್ದದ್ದು ನಿಜವೇ. ಆದರೆ ಯಾರ ಹತ್ತಿರ ಎಂದು ಅವರು ಕೇಳಿರಲಿಲ್ಲ, ನಾನು ಹೇಳಲಿಲ್ಲ. ಆ ಕಾಗದ ಬರೆದದ್ದಕ್ಕೆ ನನಗೆ ಈಗಲೂ ಕಸಿವಿಸಿಯಿದೆ.

ಆರು ತಿಂಗಳಿಗೆ ಸರಿಯಾಗಿ ಡೊರೀನ್ ಬಂದರು. ಅರವತ್ತು ದಾಟಿದ ಹೆಂಗಸು, ಎಳವೆಯಿಂದ ಗಾಲಿಕುರ್ಚಿಯಲ್ಲೇ ಇದ್ದವರು, ಅಲ್ಲಿನ ಸಂಘದ ಕಾರ್ಯದರ್ಶಿ. ನಾಲ್ಕು ಜನ ಅವರನ್ನು ಕುರ್ಚಿಯ ಸಮೇತ ದೋಣಿಯಿಂದ ಎತ್ತಿ ದಡಕ್ಕಿಟ್ಟೆವು. ಅವರ ಕುರ್ಚಿಯದು ಸಣ್ಣ ಗಾಲಿ. ಇಟ್ಟಲ್ಲಿಯೇ ಮರಳಲ್ಲಿ ಹೂತಿತು. “ನನಗೂ ನೀವು ಕೇಳಿದಂಥದ್ದೇ ಬೇಕಿತ್ತು,” ಎಂದು ನಕ್ಕರು. ಬೌರೋ ಅವರನ್ನು ಎದುರುಗೊಳ್ಳಲು ದಡದ ತನಕ ತೆವಳಿಕೊಂಡು ಬಂದಿದ್ದ. ಅವನು ನೆಲದ ಮೇಲಿರುವುದು ನೋಡಿ ಅವರ ಕಣ್ಣು ಸುತ್ತ ಕುರ್ಚಿಯನ್ನು ಹುಡುಕಿತು. ಅಷ್ಟರಲ್ಲಿ ರಸ್ತೆಯ ಮೇಲೆ ತೆಬುರೆಯ ಬಂದ. ಮೂರು ದಪ್ಪ ಟೈರಿನ ಗಾಲಿಕುರ್ಚಿಯ ಮೇಲೆ ಕೊಬ್ಬರಿ ಮೂಟೆ ಕೂತಿತ್ತು. ಬೀಳದಿರಲೆಂದು ಅದಕ್ಕೆ ಸೊಂಟಪಟ್ಟಿ ಬಿಗಿದಿದ್ದ. ಮುದುಕ ಡೊರೀನ್‌ಗೆ “ಮೌರಿ” ಎಂದು ತಲೆಬಾಗಿ, ಮೂಟೆ ತಳ್ಳಿಕೊಂಡು ಮುಂದೆ ಹೋದ.

ಡೊರೀನ್ ಕೇಳಿದ್ದನ್ನು ಬೌರೋಗೂ ಬೌರೋ ಹೇಳಿದ್ದನ್ನು ಅವರಿಗೂ ನಾನು ದಾಟಿಸಿದೆ.

“ಕಿತ್ತುಕೊಂಡರಾ?” ಅವರು ಕೇಳಿದರು.

“ಇಲ್ಲ. ಕೇಳಿದರು, ಕೊಟ್ಟೆ.”

“ಯಾಕೆ?”

ಬೌರೋ ಬಹಳ ಹೊತ್ತು ಹೇಳಿದ. ಅಕ್ಕನನ್ನು ಕೇಳುತ್ತಿದ್ದವರ ಬಗ್ಗೆ ಹೇಳಿದ. ಹನ್ನೊಂದು ವರ್ಷ ತನ್ನ ಹತ್ತಿರ ಯಾರೂ ಒಂದು ಬೆಂಕಿಕಡ್ಡಿಯನ್ನೂ ಕೇಳಲಿಲ್ಲ ಎಂದ. ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಡೊರೀನ್ ಕಡಲ ಕಡೆ ನೋಡುತ್ತಿದ್ದರು.

“ನಮ್ಮೂರಲ್ಲೂ ನನ್ನ ಹತ್ತಿರ ಯಾರೂ ಏನೂ ಕೇಳಲ್ಲ,” ಅಂದರು. “ಹೇಗಿದೀರಾ ಅಂತ ಮಾತ್ರ ಕೇಳ್ತಾರೆ.” ಆಮೇಲೆ ಚೀಲದಿಂದ ಕಾಗದ ತೆಗೆದರು. “ಬೌರೋ, ನೀವು ಹೇಳಿದ್ದು ನನಗೆ ಅರ್ಥ ಆಯ್ತು. ಈ ಕಾಗದಕ್ಕೆ ಅರ್ಥ ಆಗಲ್ಲ. ಹಣ ಕೊಡೋರು ನಮಗೂ ಮೇಲಿನವರು. ನಾನು ಸುಳ್ಳು ಬರೆಯಲ್ಲ. ಬರೆದು ಸಿಕ್ಕಿಬಿದ್ದರೆ ಇನ್ನು ಯಾವ ದ್ವೀಪಕ್ಕೂ ಏನೂ ಬರಲ್ಲ. ನಾಳೆ ದೋಣಿ ಹೊರಡೋದ್ರೊಳಗೆ ಕುರ್ಚಿ ನಿಮ್ಮ ಹತ್ತಿರ ಇದ್ದರೆ, ಇದೆ ಅಂತ ಬರೀತೀನಿ. ಇಲ್ಲದಿದ್ದರೆ ಇಲ್ಲ ಅಂತ.”

ಇದರರ್ಥ ಅವರಿಗೆ ಪೂರ್ತಿ ಗೊತ್ತಿರಲಿಲ್ಲ, ನಮಗಿಬ್ಬರಿಗೂ ಗೊತ್ತಿತ್ತು. ಕೊಟ್ಟದ್ದನ್ನು ವಾಪಸು ಕೇಳುವವನಿಗೆ ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಅವನ ಹತ್ತಿರ ಆಮೇಲೆ ಯಾರೂ ಏನೂ ಕೇಳುವುದಿಲ್ಲ, ಅಷ್ಟೆ. ಬೇರೆಯವನಾದರೆ ಊರು ಕೆಲವು ವರ್ಷದಲ್ಲಿ ಮರೆತೀತು. ಬೌರೋನಂಥವನ ವಿಷಯದಲ್ಲಿ ಮರೆಯಬೇಕಾದ ಅಗತ್ಯವೂ ಊರಿಗೆ ಬೀಳುವುದಿಲ್ಲ.

“ನಾನು ಹೋಗಿ ಮಾವನ ಹತ್ತಿರ ಗುಟ್ಟಾಗಿ ಮಾತಾಡ್ಲಾ?” ಎಂದು ಕೇಳಿದೆ.

“ಬೇಡ. ಕೊಟ್ಟಿದ್ದು ಊರಿಗೆಲ್ಲ ಗೊತ್ತು.” ಕೈಗಂಟಿದ ಮರಳು ಕೊಡವಿಕೊಂಡ. “ಕೇಳೋದೂ ಗೊತ್ತಾಗೋ ಹಾಗೇ ಕೇಳ್ತೀನಿ.”

ಮಧ್ಯಾಹ್ನ ಮನೆಯಾಬದಲ್ಲಿ ಅತಿಥಿಗೆ ಔತಣ. ಅಲ್ಲಿ ಎಲ್ಲರೂ ಚಾಪೆಯ ಮೇಲೆ ಕೂರುತ್ತಾರೆ. ಹಿರಿಯರಿಗಿಂತ ಎತ್ತರದಲ್ಲಿ ಯಾರೂ ಕೂರುವಂತಿಲ್ಲ. ಡೊರೀನ್ ಅಂಚಿಗೆ ಬಂದವರು ಒಳಗೊಮ್ಮೆ ನೋಡಿ, ಏನೂ ಕೇಳದೆ, ಕುರ್ಚಿಯಿಂದ ಜಾರಿ ನೆಲಕ್ಕಿಳಿದು ಕೈಯೂರಿ ಒಳಗೆ ಬಂದು ಕೂತರು. ಹಿರಿಯರ ಸಾಲಿನಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಸಂಘದ ಹದಿಮೂರು ಜನರೂ ಬಂದಿದ್ದರು, ತೆರೆಂಗಾಳನ್ನು ಅವಳ ಅಣ್ಣ ಹೊತ್ತು ತಂದಿದ್ದ. ಮೀನು, ಕೆಸುವಿನ ಗಡ್ಡೆ, ದೀವಿಹಲಸು, ಅನ್ನ ಎಲ್ಲ ಆಯಿತು. ಅತಿಥಿಯ ತಲೆಗೆ ಹೂವಿನ ದಂಡೆ ಇಟ್ಟರು, ನಮ್ಮ ಪದ್ಧತಿಯಂತೆ ಕತ್ತಿಗೆ ಪೌಡರ್ ಹಾಕಿದರು. ಹಿರಿಯರ ಮಾತೆಲ್ಲ ಮುಗಿದ ಮೇಲೆ ಬೌರೋ ತನ್ನ ಮನೆತನದ ಜಾಗದಿಂದ ಮಾತಾಡಲು ಅಪ್ಪಣೆ ಕೇಳಿದ.

ಮರದ ತುದಿಯಿಂದ ಹಾಡುತ್ತಿದ್ದ ಅದೇ ಸ್ವರ. “ಹಿರಿಯರೇ, ಮಾವ ನನ್ನ ಹತ್ತಿರ ಒಂದು ಬುಬುಸಿ ಕೇಳಿದ. ನಾನು ಕೊಟ್ಟೆ. ಕೊಟ್ಟಿದ್ದು ನಂದಾಗಿರಲಿಲ್ಲ. ಈ ಹನ್ನೆರಡು ಜನರದ್ದು. ಈಗ ಅದನ್ನ ವಾಪಸು ಕೇಳ್ತಿದೀನಿ.”

ತೆಬುರೆಯ ಚಾಪೆಯ ಅಂಚು ನೋಡುತ್ತಾ ಕೂತಿದ್ದ.

“ನಂದಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲೋ ಅಳಿಯ,” ಅಂದ ಕೊನೆಗೆ.

“ಹೇಳಬಹುದಿತ್ತು ಮಾವ.”

“ಮತ್ಯಾಕೆ ಹೇಳಲಿಲ್ಲ?”

“ನಿನ್ನ ಹತ್ರ ಅಂದೆಯಲ್ಲ ಮಾವ, ಅದಕ್ಕೆ.”

ಮುದುಕ ತಲೆ ಎತ್ತಿ ಅವನನ್ನು ನೋಡಿದ. ಎದ್ದು, ಬೆನ್ನು ಬಗ್ಗಿಸಿ ಹಿರಿಯರ ಮುಂದಿನಿಂದ ಹಾದು ಹೊರಗೆ ಹೋದ. ಗಾಲಿಕುರ್ಚಿಯನ್ನು ಕಡಲಿಗೆ ಇಳಿಸಿ ಕೊಬ್ಬರಿಯ ಎಣ್ಣೆ ಜಿಡ್ಡೆಲ್ಲ ಹೋಗುವ ಹಾಗೆ ತಾನೇ ಉಜ್ಜಿ ತೊಳೆದ. ತಂದು ಮನೆಯಾಬದ ಅಂಚಿನಲ್ಲಿ ನಿಲ್ಲಿಸಿ, ಮತ್ತೆ ಒಳಗೆ ಬರದೆ ಮನೆಗೆ ಹೋದ. ಡೊರೀನ್ ನನ್ನ ಕಡೆ ಬಾಗಿ “ಏನಂದರು?” ಎಂದು ಕೇಳಿದರು. ಹೇಳಿದೆ. ಅವರು ಕಾಗದ ತೆಗೆದು, ಕುರ್ಚಿ ಬಳಕೆದಾರರ ಬಳಿ ಇದೆ ಎಂಬಲ್ಲಿ ಗುರುತು ಹಾಕಿದರು.

ಎಂಟು ತಿಂಗಳಿಗೆ ಹನ್ನೆರಡು ಗಾಲಿಕುರ್ಚಿಗಳು ಹಡಗಿನಲ್ಲಿ ಬಂದವು. ಕುರ್ಚಿ ಬಂದ ದಿನವೇ ತೆರೆಂಗಾ ಆಚೆ ಕಡಲಿಗೆ ಹೋದಳು. ಅಲೆ ಬಂದು ಗಾಲಿ ಮುಳುಗುವ ತನಕ ಅಲ್ಲೇ ಇದ್ದು, ಎಳೆದು ತರಲು ಹೋದವರಿಗೆಲ್ಲ ಬೈದಳಂತೆ. ಈಗ ಊರಿನಲ್ಲಿ ಅವಳು ಹೋಗದ ಜಾಗವಿಲ್ಲ. ತನ್ನ ಚಾಪೆಗಳನ್ನು ತಾನೇ ಅಂಗಡಿಗೆ ಒಯ್ಯುತ್ತಾಳೆ. ಕಂಡ ಕಂಡ ನೆಂಟರು ಅವಳ ಹತ್ತಿರ ಚಾಪೆ ಕೇಳುತ್ತಾರೆ, ಪಾತ್ರೆ ಕೇಳುತ್ತಾರೆ. ಅವಳು ಬೌರೋನ ಜಗಲಿಗೆ ಬಂದು ಗೋಳು ಹೇಳಿಕೊಳ್ಳುತ್ತಾಳೆ. “ಒಂದು ಚಾಪೆ ಪೂರ್ತಿ ಹೆಣೆಯೋಕೆ ಬಿಡಲ್ಲ ಅಣ್ಣ, ಅಂಚು ಕಟ್ಟೋದ್ರೊಳಗೆ ಬಂದು ಕೂತಿರ್ತಾರೆ. ನಾನೇನು ಅವರಿಗೆ ಹೆಣೆದು ಹಾಕೋಕೆ ಹುಟ್ಟಿದ್ದಾ?” ಬೌರೋ ಕೇಳಿಸಿಕೊಳ್ಳುತ್ತಾನೆ. ಇನ್ನೇನೇನು ಕೇಳಿದರು, ಯಾರು ಕೇಳಿದರು, ಎಂದು ಒಂದೊಂದಾಗಿ ಹೇಳಿಸುತ್ತಾನೆ.

ಅವನ ಹತ್ತಿರ ಯಾರೂ ಏನೂ ಕೇಳಲಿಲ್ಲ. ಇದೆಲ್ಲ ನಡೆದು ಐದು ವರ್ಷವಾಯಿತು. ಬೇರೆ ದ್ವೀಪಗಳ ಸಂಘಗಳು ಅವನನ್ನು ಕರೆಸಿಕೊಳ್ಳುತ್ತವೆ, ಡೊರೀನ್ ವರ್ಷಕ್ಕೊಮ್ಮೆ ಕಾಗದ ಬರೆಯುತ್ತಾರೆ, ಮಂಡಳಿಯ ಸಭೆಯಲ್ಲಿ ಅವನಿಗೊಂದು ಜಾಗವಿದೆ. ಎಲ್ಲರೂ ಮರ್ಯಾದೆ ಕೊಡುತ್ತಾರೆ. ಹುರಿ ಬೇಕಾದವರು ಮತ್ತೆ ಅಕ್ಕನ ಮುಂದೆ ಕೂರುತ್ತಾರೆ. ತೆಬುರೆಯ ಹೋದ ವರ್ಷ ತೀರಿಕೊಂಡ. ಅಲ್ಲಿಯವರೆಗೂ ದಾರಿಯಲ್ಲಿ ಸಿಕ್ಕಾಗ ಗಾಳಿಯ ಮಾತಾಡುತ್ತಿದ್ದ, ಅದರಿಂದ ಮುಂದೆ ಹೋಗಲಿಲ್ಲ.

ಇದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಹೋದ ತಿಂಗಳು ಒಂದು ಜೊತೆ ಹಾರುಮೀನು ಹಿಡಿದುಕೊಂಡು ಹೋದೆ. ಜಗಲಿಯ ಅಂಚಿನಲ್ಲಿ ಅವನ ಎದುರಿಗೇ ಕೂತೆ. ಗಾಳಿಯ ಮಾತಾಡಿದೆ. ಬೌರೋ ಹೊಸೆಯುವುದು ನಿಲ್ಲಿಸಿ ನನ್ನನ್ನೇ ನೋಡತೊಡಗಿದ.

“ಬೌರೋ, ನಿನ್ನ ಹತ್ರ ಒಂದು ಬುಬುಸಿ ಇದೆ,” ಅಂದೆ. “ನನಗೆ ಇಪ್ಪತ್ತು ಮಾರು ಹುರಿ ಕೊಡು. ಮನೆ ಸೂರು ಕಟ್ಟಿಸಬೇಕು.”

ಅವನು ಹುರಿಯ ಉಂಡೆಯ ಕಡೆ ಕೈ ಚಾಚಲಿಲ್ಲ. “ನಿಂದು ತಗಡಿನ ಮನೆ ಕಣೋ,” ಅಂದ.

ನಾನು ಕೈಯಲ್ಲಿದ್ದ ಮೀನು ನೋಡಿಕೊಂಡೆ.

“ಮೊಳೆ ಹೊಡೆದ ತಗಡು. ಅದಕ್ಕೆ ಹುರಿ ಯಾಕೆ?” ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. “ಗುಮಾಸ್ತ, ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ನಾನು ಬಿದ್ದ ಮೇಲೆ ಇವತ್ತಿನ ತನಕ ನಿನಗೆ ನನ್ನಿಂದ ಏನೂ ಬೇಕಾಗಿಲ್ಲ. ಇವತ್ತೂ ಬೇಕಾಗಿಲ್ಲ. ಇದನ್ನ ಕೊಡಲ್ಲ. ನಿಜವಾಗಿ ಬೇಕಾದಾಗ ಬಾ.”

ಹೇಳಿ ಮತ್ತೆ ನಾರು ಎತ್ತಿಕೊಂಡ. ಮೀನನ್ನು ಅಕ್ಕನ ಕೈಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದೆ. ಬುಬುಸಿಗೆ ಇಲ್ಲ ಎಂದವನು ನಾಚಿಕೊಳ್ಳಬೇಕು ಎಂದು ನಮ್ಮ ಊರು ಹೇಳುತ್ತದೆ. ಅವತ್ತು ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡು ನಡೆದವನು ನಾನು.